ಅಟ್ಟ, ಕೊಟ್ಟಿಗೆ, ಡೈರಿ: ಕೆಂಕೆರೆಗೊಂದು ಕಟ್ಟಡದ ವಿನ್ಯಾಸ ಚಿಂತನೆ

2019ರಲ್ಲಿ ರಾಟರ್‌ಡ್ಯಾಮ್ ಬಂದರಿನ ನೀರಿನ ಮೇಲೆ ತೇಲುವ ಕೊಟ್ಟಿಗೆಯೊಂದು ಆರಂಭವಾಯಿತು. ಮೇಲಂತಸ್ತಿನಲ್ಲಿ ಸುಮಾರು ನಲವತ್ತು ಹಸು, ಕೆಳಗೆ ಹಾಲಿನ ಸಂಸ್ಕರಣೆ. ಪಟ್ಟಣಿಗರು ಬಂದು ಎಲ್ಲವನ್ನೂ ಕಣ್ಣಾರೆ ನೋಡಬಹುದು. ಮೇವಿನಲ್ಲಿ ಬಹುಪಾಲು ನಗರದ ಉಳಿಕೆಯೇ. ಹುಳಿಯಾರಿನ ಮಗ್ಗುಲಿನ ಕೆಂಕೆರೆ ಇದರಿಂದ ಕಲಿಯಬೇಕಾದದ್ದು ಆ ತೆರೆದ ನೋಟವನ್ನು ಮಾತ್ರ. ಸಗಣಿ ಬೇಡುವ ತೆಂಗಿನ ತೋಟ ಇಲ್ಲಿರುವಾಗ ಹಸು ನಗರಕ್ಕೆ ಹೋಗಬೇಕಿಲ್ಲ, ಹಾಲು ಕುಡಿಯುವವರೇ ಇತ್ತ ಬರಬೇಕು.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಹೈನು ಅಭಿವೃದ್ಧಿ ಯೋಜನೆ ಆಣಂದ್ ಮಾದರಿಯ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಕರ್ನಾಟಕದ ಹಳ್ಳಿಗಳಿಗೆ ತಂದಿತು. ಒಂದೇ ಹಸುವಿರುವವರ ಎರಡು ಲೀಟರಿಗೂ ಮಾರುಕಟ್ಟೆ ಸಿಕ್ಕಿದ್ದು ಹೀಗೆ. ಆದರೆ ಊರೂರಿನ ಹಾಲು ಟ್ಯಾಂಕರಿನಲ್ಲಿ ಬೆರೆತ ಮೇಲೆ ಪ್ಯಾಕೆಟ್ಟಿಗೆ ಊರಿನ ಗುರುತು ಉಳಿಯುವುದಿಲ್ಲ. ಈ ಬೆರಕೆಯೇ ಸಹಕಾರದ ಬಲ, ಅದನ್ನು ಒಡೆದು ‘ನಮ್ಮೂರ ಹಾಲು’ ಎಂದು ಪ್ರತ್ಯೇಕ ಮಾರುವುದು ಸಣ್ಣ ರೈತನಿಗೆ ಕೇಡು ಎಂಬುದು ನನ್ನ ನಿಲುವು. ಹಾಗಾಗಿ ಕೆಂಕೆರೆಯಲ್ಲಿ ಕಟ್ಟಬೇಕಾದ ಕಟ್ಟಡವು ತೋರಿಸಬೇಕಾದದ್ದು ಹಾಲಿನ ಹಿಂದಿನ ಬದುಕನ್ನು: ಮೇವು, ನೀರು, ಸಗಣಿ, ಸಂಜೆ ಕ್ಯಾನು ಹಿಡಿದು ಡೈರಿ ಮುಂದೆ ನಿಂತ ಹೆಂಗಸರನ್ನು, ಫ್ಯಾಟು (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ನೋಡಿ ದರ ಕಟ್ಟುವ ಕ್ರಮವನ್ನು.

ಇಂಥ ಕಟ್ಟಡಕ್ಕೆ ಮಾದರಿ ಈ ಸೀಮೆಯ ಮನೆಗಳಲ್ಲೇ ಇದೆ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೆಲವು ಮನೆಗಳಲ್ಲಿ ಆ ಅಟ್ಟದ ಕೆಳಗೇ ದನ ಕಟ್ಟುವುದುಂಟು. ಒಂದೇ ಸೂರಿನಡಿ ಎರಡು ಆದಾಯ ಕೂಡುವ ಈ ಜಾಣ್ಮೆಯನ್ನು ಉಳಿಸಿಕೊಂಡು, ಶುಚಿಗಾಗಿ ವಿನ್ಯಾಸವನ್ನು ತುಸು ಬಿಡಿಸಬೇಕು. ಅಟ್ಟ ಡೈರಿಯ ಅಳತೆ ಕೋಣೆ ಮತ್ತು ಪಡಸಾಲೆಯ ಮೇಲಿರಲಿ. ಕೊಟ್ಟಿಗೆ ಗಾಳಿ ಹೋಗುವ ದಿಕ್ಕಿನಲ್ಲಿ ಬೇರೆ ನಿಲ್ಲಲಿ, ಅದರ ಹೆಂಚಿನ ಮಾಡಿನ ನೆತ್ತಿಯಲ್ಲಿ ಬಿಸಿಗಾಳಿಗೆ ಕಿಂಡಿ ಇರಲಿ. ಕರೆದ ಹಾಲನ್ನು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುವ ಕೂಲರನ್ನು ಗಾಜಿನ ಗೋಡೆಯಾಚೆಯಿಂದ ನೋಡುವಂತಿರಬೇಕು. ಸೀಮೆ ಹಸುವೊಂದು ದಿನಕ್ಕೆ 15–20 ಕೆಜಿ ಸಗಣಿ ಹಾಕುತ್ತದೆ. ಬಯಲಲ್ಲಿ ನಿಂತ ಬಗ್ಗಡದಿಂದ ಮೀಥೇನ್ ಗಾಳಿಗೆ ಸೇರುತ್ತದೆ. ಅದೇ ಗೋಬರ್ ಗ್ಯಾಸ್ ಗುಂಡಿಗೆ ಇಳಿದರೆ ಒಲೆಗೆ ಅನಿಲ, ಉಳಿದ ಬಗ್ಗಡ ಇಳಿಜಾರಿನ ಕಾಲುವೆಯಲ್ಲಿ ತೆಂಗಿನ ಪಾತಿಗೆ. ನೋಡಬಂದವರ ಕಾಲುದಾರಿ ಈ ಕಾಲುವೆಯ ಪಕ್ಕದಲ್ಲೇ ಸಾಗಿ, ತೆಂಗಿನ ನಡುವೆ ಬೆಳೆದ ಸೀಮೆಹುಲ್ಲನ್ನು ದಾಟಿ ಮತ್ತೆ ಕೊಟ್ಟಿಗೆಗೆ ಬರಲಿ.

ಪ್ರವೇಶದ ಹಣ ಸಂಘದ ಖಾತೆಗೆ ಹೋಗಿ, ಹಾಲು ಹಾಕಿದವರಿಗೆ ಬೋನಸ್ಸಿನಲ್ಲಿ ಸಲ್ಲಬೇಕು. ಕಟ್ಟಡದ ಒಡೆತನವೂ ಸಂಘದ್ದೇ.

ಪರೀಕ್ಷಿಸಬೇಕಾದ ಸಂಗತಿಯೊಂದಿದೆ: ತೇವ. ಕ್ಯಾನು ತೊಳೆದ ನೀರಿನ ಆವಿ ಮೇಲೇರಿದರೆ ಅಟ್ಟದ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ಆಗ ಯಾವ ರೈತನೂ ಅಲ್ಲಿ ಕಾಯಿ ಇಡುವುದಿಲ್ಲ. ಆದ್ದರಿಂದ ನಕ್ಷೆಗೆ ಮೊದಲು, ಈಗಿರುವ ಅಟ್ಟಗಳಲ್ಲೇ ಒಂದು ಮಳೆಗಾಲ ಪೂರ್ತಿ ತೇವಾಂಶ ಅಳೆಯಬೇಕು.