ಹದಿಮೂರು ನ್ಯಾಯಮೂರ್ತಿಗಳು, ಒಂದು ಪಾಠ

ನಾನು ಕಾನೂನು ಓದಿದವನಲ್ಲ. ಕನ್ನಡ ಎಂ.ಎ. ಮಾಡಿ, ಮೂರು ದಶಕಗಳ ಕಾಲ ಹಳಗನ್ನಡ ಪಾಠ ಹೇಳಿ, ಈಗ ಆಂಡರ್ಸನ್‌ಪೇಟೆಯ ಮನೆಯಲ್ಲಿ ವಿಶ್ರಾಂತನಾಗಿರುವವನು. ಇಂಥವನಿಗೆ ಸುಪ್ರೀಂ ಕೋರ್ಟಿನ ತೀರ್ಪುಗಳ ಗೊಡವೆ ಏಕೆ ಎಂದು ಕೇಳುಗರಿಗೆ ಅನಿಸಬಹುದು. ಒಂದು ಓಲೆಗರಿಯ ಪ್ರತಿ ಒಂದು ಪಾಠ ಹೇಳುತ್ತದೆ, ಮತ್ತೊಂದು ಬೇರೆ ಹೇಳುತ್ತದೆ. ಅವುಗಳಲ್ಲಿ ಯಾವುದು ನಿಜವಾದ ಪಾಠ ಎಂದು ತಲೆ ಕೆಡಿಸಿಕೊಳ್ಳುವುದು ಗ್ರಂಥಸಂಪಾದನೆಯ ಹಳೆಯ ಕಷ್ಟ. ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯಪಟ್ಟಾಗಲೂ ಕಷ್ಟ ಅದೇ. ಮೇಲಾಗಿ, ಅಂಥ ಭಿನ್ನತೆಯ ಅತಿ ದೊಡ್ಡ ನಿದರ್ಶನ ಹುಟ್ಟಿದ್ದು ಒಂದು ಕನ್ನಡದ ಮಠದಲ್ಲಿ.

ನಮ್ಮದು ನಾಡಿನ ಪೂರ್ವದ ಅಂಚಿನ ಊರು. ಪೇಟೆಬೀದಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಪಶ್ಚಿಮದ ಅಂಚಿನಲ್ಲಿ ಕಾಸರಗೋಡು ಉಂಟು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ, 1956ರ ನವೆಂಬರ್ 1ರಂದು, ಅದು ಕೇರಳದ ಪಾಲಾಯಿತು. ಅಲ್ಲಿಯ ಎಡನೀರು ಮಠ ಯಕ್ಷಗಾನಕ್ಕೂ ಸಂಗೀತಕ್ಕೂ ಆಸರೆ ಕೊಟ್ಟ ಸ್ಥಳ. ಅದರ ಪೀಠಾಧಿಪತಿ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾಯಿದೆಯಿಂದ ಮಠದ ಜಮೀನಿಗೆ ಒದಗಿದ ಆಪತ್ತನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಪಾರ್ಲಿಮೆಂಟು ಸಂವಿಧಾನಕ್ಕೆ ಒಂದರ ಮೇಲೊಂದು ತಿದ್ದುಪಡಿ ತಂದಿತು. ಕೇರಳದ ಕಾಯಿದೆಗೂ ಒಂಬತ್ತನೆಯ ಅನುಸೂಚಿಯ ರಕ್ಷಣೆ ದೊರೆಯಿತು. ಜಮೀನಿನ ಪ್ರಶ್ನೆ ಹಿಂದೆ ಸರಿದು, ಪಾರ್ಲಿಮೆಂಟು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು ಎಂಬ ಪ್ರಶ್ನೆ ಮುಂದೆ ಬಂದಿತು.

ಅದು ಹೊಸ ಪ್ರಶ್ನೆಯೇನೂ ಆಗಿರಲಿಲ್ಲ. 1951ರಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು ಎಂದಿದ್ದರು. 1964ರಲ್ಲಿ ಐವರ ಪೈಕಿ ಇಬ್ಬರಿಗೆ ಸಂಶಯ ಹುಟ್ಟಿತು. 1967ರ ಗೋಲಕನಾಥ್ ಮೊಕದ್ದಮೆಯಲ್ಲಿ ತಕ್ಕಡಿ ಮಗುಚಿತು: ಹನ್ನೊಂದು ಮಂದಿಯಲ್ಲಿ ಆರು ಮಂದಿ ತಿದ್ದಕೂಡದು ಎಂದರು, ಐವರು ತಿದ್ದಬಹುದು ಎಂದರು. ಅದನ್ನು ಪರಿಶೀಲಿಸಲು ಇನ್ನೂ ದೊಡ್ಡ ಪೀಠವೇ ಬೇಕಾಯಿತು. ಹೀಗೆ ಹದಿಮೂರು ಮಂದಿ ಕೂತು, 1972ರ ಅಕ್ಟೋಬರ್ 31ರಿಂದ ಅರುವತ್ತೆಂಟು ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಒಂದು ತೀರ್ಪಲ್ಲ, ಹನ್ನೊಂದು.

ಏಳಕ್ಕೆ ಆರು ಎಂದು ಎಲ್ಲರೂ ಬರೆಯುತ್ತಾರೆ. ಓದಿ ನೋಡಿದರೆ ಅಲ್ಲಿರುವುದು ಆರು, ಆರು ಮತ್ತು ಒಂದು. ಮುಖ್ಯ ನ್ಯಾಯಮೂರ್ತಿ ಸಿಕ್ರಿ, ಶೇಲತ್, ಹೆಗ್ಡೆ, ಗ್ರೋವರ್, ಜಗನ್ಮೋಹನ ರೆಡ್ಡಿ, ಮುಖರ್ಜಿಯಾ ಇವರದು ಒಂದು ಸಾಲು. ತಿದ್ದುವ ಅಧಿಕಾರಕ್ಕೆ ಸಂವಿಧಾನದ ಒಳಗೇ ಅಡಗಿರುವ ಮಿತಿಗಳುಂಟು ಎಂಬುದು ಅವರ ನಿಲುವು. ಇವರಲ್ಲಿ ಶೇಲತ್ ಮತ್ತು ಗ್ರೋವರ್ ಕೂಡಿ ಬರೆದರು, ಹೆಗ್ಡೆ ಮತ್ತು ಮುಖರ್ಜಿಯಾ ಕೂಡಿ ಬರೆದರು. ಒಂದೇ ಮಾತೃಪ್ರತಿಯಿಂದ ಇಳಿದ ಜೋಡಿ ಪ್ರತಿಗಳೆಂದು ನಮ್ಮವರು ಹೇಳುವುದಿಲ್ಲವೇ, ಹಾಗೆ. ರೇ, ಪಾಲೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ, ಚಂದ್ರಚೂಡ್ ಇವರದು ಎದುರು ಸಾಲು. ಇವರನ್ನು ಸರ್ಕಾರದ ಪಕ್ಷಪಾತಿಗಳೆಂದು ತಳ್ಳಿಹಾಕುವುದು ಅನ್ಯಾಯ. ಉಳುವವನಿಗೆ ನೆಲ ಸಿಗಬೇಕು, ಚುನಾಯಿತರ ಕೈಯನ್ನು ಕಟ್ಟಬಾರದು ಎಂಬುದರಲ್ಲಿಯೂ ಒಂದು ನ್ಯಾಯವಿದೆ. 1956ರಲ್ಲಿ ಚಿನ್ನದ ಗಣಿಗಳು ಸರ್ಕಾರದ ವಶಕ್ಕೆ ಬಂದ ಊರಿನವನಾದ ನನಗೆ ಈ ಮಾತು ಅರ್ಥವಾಗದೆ ಇಲ್ಲ.

ನಡುವೆ ನಿಂತವರು ಎಚ್.ಆರ್. ಖನ್ನಾ. ಅಡಗಿದ ಮಿತಿಗಳೆಂಬ ವಾದವನ್ನು ಅವರು ಒಪ್ಪಲಿಲ್ಲ. ಆಸ್ತಿಯ ಹಕ್ಕು ಮುಟ್ಟಬಾರದ್ದಲ್ಲ ಎಂದರು. ಅಷ್ಟರಮಟ್ಟಿಗೆ ಅವರು ರೇ ಅವರ ಸಾಲಿನವರೇ. ಆದರೆ ಅವರು ‘ತಿದ್ದುಪಡಿ’ ಎಂಬ ಶಬ್ದವನ್ನೇ ಕೈಗೆತ್ತಿಕೊಂಡರು. ತಿದ್ದಿದ ಮೇಲೆಯೂ ಹಳೆಯ ಸಂವಿಧಾನ, ಬದಲಾದ ರೂಪದಲ್ಲಾದರೂ, ತನ್ನ ಗುರುತು ಉಳಿಸಿಕೊಂಡಿರಬೇಕು. ಅದರ ಮೂಲರಚನೆಯನ್ನೇ ಕೆಡವಿದರೆ ಅದು ತಿದ್ದುಪಡಿಯಾಗದು ಎಂದರು. ನನ್ನಂಥ ಭಾಷೆಯ ಮೇಷ್ಟರಿಗೆ ಇದಕ್ಕಿಂತ ಸಂತೋಷದ ವಾದ ಮತ್ತೊಂದಿಲ್ಲ. ಹಿಂದೆ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಬೆರಳು ಇದ್ದ ಗೆರೆಯ ಮೇಲೆಯೇ ಹಾಯಬೇಕಾಗಿತ್ತು. ಮರಳನ್ನೇ ಚೆಲ್ಲಿದ ಹುಡುಗನನ್ನು ತಿದ್ದಿದನೆಂದು ಯಾರೂ ಅನ್ನುತ್ತಿರಲಿಲ್ಲ.

ಹನ್ನೊಂದು ತೀರ್ಪುಗಳಿಂದ ಒಂದು ಸಾರಾಂಶ ತೆಗೆದು, ಬಹುಮತದ ಅಭಿಪ್ರಾಯವೆಂದು ಒಂದು ಹಾಳೆ ಸಿದ್ಧವಾಯಿತು. ಅದಕ್ಕೆ ರುಜು ಹಾಕಿದವರು ಒಂಬತ್ತು ಮಂದಿ: ಏಳು ಮಂದಿಯ ಜೊತೆಗೆ, ಎದುರು ಸಾಲಿನ ಪಾಲೇಕರ್ ಮತ್ತು ಚಂದ್ರಚೂಡ್. ರೇ, ಮ್ಯಾಥ್ಯೂ, ಬೇಗ್, ದ್ವಿವೇದಿ ರುಜು ಹಾಕಲಿಲ್ಲ. ಸಂಪಾದಕನೊಬ್ಬ ಪ್ರತಿಗಳ ತಲೆ ಎಣಿಸಿ ಪಾಠ ನಿರ್ಣಯಿಸಿದರೆ ನಾವು ನಗುತ್ತೇವೆ; ನ್ಯಾಯಾಲಯಕ್ಕೆ ತಲೆ ಎಣಿಸದೆ ಗತ್ಯಂತರವಿಲ್ಲ.

ಮರುದಿನಗಳಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಸಿಕ್ರಿ ನಿವೃತ್ತರಾದರು. ಹಿರಿಯರಾದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಅವರಲ್ಲಿ ಕೆ.ಎಸ್. ಹೆಗ್ಡೆ ನಮ್ಮ ಕಾರ್ಕಳ ಕಡೆಯವರು. 1977ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಗೆದ್ದು, ಅದೇ ವರ್ಷ ಸ್ಪೀಕರ್ ಆದರು. ಯಾವ ಪಾರ್ಲಿಮೆಂಟಿನ ಅಧಿಕಾರಕ್ಕೆ ಮಿತಿ ಉಂಟೆಂದು ಬರೆದರೋ ಅದೇ ಸಭೆಯ ಪೀಠದಲ್ಲಿ ಕೂತರು.

ನನಗೆ ಹೆಚ್ಚು ಸೋಜಿಗವೆನಿಸುವುದು ಸೋತವರ ನಡೆ. 1975ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರ ಚುನಾವಣೆಯ ಮೊಕದ್ದಮೆಯ ತೀರ್ಪು ಕೊಟ್ಟ ಐವರಲ್ಲಿ ನಾಲ್ವರು ಹಿಂದಿನ ಅಲ್ಪಮತದವರು: ರೇ, ಮ್ಯಾಥ್ಯೂ, ಬೇಗ್, ಚಂದ್ರಚೂಡ್. ಐದನೆಯವರು ಖನ್ನಾ. ಮ್ಯಾಥ್ಯೂ, ಚಂದ್ರಚೂಡ್ ಇಬ್ಬರೂ ತಾವು ಒಪ್ಪದಿದ್ದ ಮೂಲರಚನೆಯ ತತ್ತ್ವವನ್ನೇ ಅಳತೆಗೋಲಾಗಿ ಹಿಡಿದರು. 39ನೆಯ ತಿದ್ದುಪಡಿಯಲ್ಲಿ ಪ್ರಧಾನಿಯ ಚುನಾವಣೆಗೆ ಕೊಟ್ಟಿದ್ದ ರಕ್ಷಣೆ ಬಿದ್ದುಹೋಯಿತು. ಅದೇ ತಿಂಗಳು 1973ರ ತೀರ್ಪನ್ನು ಮರುಪರಿಶೀಲಿಸಲು ರೇ ಮತ್ತೆ ಹದಿಮೂರು ಮಂದಿಯನ್ನು ಕೂಡಿಸಿದರು. ಎರಡು ದಿನ ವಾದ ಕೇಳಿ ಪೀಠವನ್ನು ವಿಸರ್ಜಿಸಿದರು.

ಹಾಗೆಂದು ಇವರೆಲ್ಲ ಒಂದೇ ದಾರಿ ಹಿಡಿದರೆನ್ನಲಾಗದು. 1976ರಲ್ಲಿ, ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನು ಕೋರ್ಟಿಗೆ ಮೊರೆಯಿಡಬಹುದೇ ಎಂಬ ಪ್ರಶ್ನೆ ಬಂದಾಗ ನಾಲ್ವರು ಇಲ್ಲವೆಂದರು. ಅವರಲ್ಲಿ ಚಂದ್ರಚೂಡ್ ಅವರೂ ಇದ್ದರು. ಖನ್ನಾ ಒಬ್ಬರೇ ಬೇರೆ ನಿಂತರು. 1977ರ ಜನವರಿಯಲ್ಲಿ ಅವರನ್ನು ದಾಟಿ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಮೂರು ವರ್ಷ ಕಳೆಯಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲಿನ ಮೊಕದ್ದಮೆ ಬಂತು. ಮಿತಿಯಿಲ್ಲದ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಟ್ಟಿದ್ದ 42ನೆಯ ತಿದ್ದುಪಡಿಯ ಭಾಗವನ್ನು, ಮೂಲರಚನೆಗೆ ವಿರುದ್ಧವೆಂದು, ಕೋರ್ಟು ರದ್ದು ಮಾಡಿತು. ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ಚಂದ್ರಚೂಡ್. ಏಳಕ್ಕೆ ಆರರ ತೀರ್ಪು ಗಟ್ಟಿಯಾದದ್ದು ಆರು ಮಂದಿಯಲ್ಲಿ ಒಬ್ಬರ ಲೇಖನಿಯಿಂದ.

ಆಸ್ತಿಯ ಹಕ್ಕನ್ನು 1978ರ 44ನೆಯ ತಿದ್ದುಪಡಿ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು. ಕೇರಳದ ಭೂಸುಧಾರಣೆಯೂ ನಿಂತಿತು. ಎಡನೀರಿನ ಸ್ವಾಮಿಗಳು ಯಕ್ಷಗಾನದ ಭಾಗವತಿಕೆಯನ್ನೂ ಸಂಗೀತವನ್ನೂ ಪ್ರೀತಿಸುತ್ತ ಮಠದಲ್ಲಿಯೇ ಇದ್ದು, 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದರು. ಮಠದ ಜಮೀನಿಗೆಂದು ಹೂಡಿದ ಮೊಕದ್ದಮೆಗೆ ಕಾನೂನಿನ ಗ್ರಂಥಗಳಲ್ಲೆಲ್ಲ ಇಂದಿಗೂ ಅವರದೇ ಹೆಸರು.