ಥರ್ಲೋ ವೀಡ್: ಶಾಸನಸಭೆಯಿಂದ ಮೊಗಸಾಲೆಗೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪದವಿಯಿಲ್ಲದೆ ಅಧಿಕಾರ ನಡೆಸಿದವರ ಪೈಕಿ ನ್ಯೂಯಾರ್ಕ್ ರಾಜ್ಯದ ಥರ್ಲೋ ವೀಡ್ (1797–1882) ಪ್ರಮುಖನು. ಆತನನ್ನು ಪತ್ರಿಕಾ ಸಂಪಾದಕನೆಂದೋ ಪಕ್ಷದ ಸೂತ್ರಧಾರನೆಂದೋ ಗುರುತಿಸುವುದು ವಾಡಿಕೆ. ಈ ಎರಡೂ ಪಾತ್ರಗಳನ್ನು ಬೆಸೆದದ್ದು ಶಾಸನ ರಚನೆಯ ಒಳದಾರಿಗಳ ಅರಿವು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಬಡ ಕುಟುಂಬದಲ್ಲಿ ಜನಿಸಿ, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ ಬೆಳೆದ ವೀಡ್, 1824ರಲ್ಲಿ ರಾಚೆಸ್ಟರ್ ಪಟ್ಟಣದ ಬ್ಯಾಂಕೊಂದಕ್ಕೆ ಸನ್ನದು ದೊರಕಿಸಲು ರಾಜಧಾನಿ ಆಲ್ಬನಿಗೆ ಹೋದನು. ಆಗ ಪ್ರತಿಯೊಂದು ಬ್ಯಾಂಕಿಗೂ ಶಾಸನಸಭೆ ಪ್ರತ್ಯೇಕ ಕಾಯಿದೆಯ ಮೂಲಕವೇ ಸನ್ನದು ನೀಡಬೇಕಿತ್ತು. ಈ ಪದ್ಧತಿ ಬದಲಾದದ್ದು 1838ರ ಮುಕ್ತ ಬ್ಯಾಂಕಿಂಗ್ ಕಾಯಿದೆಯಿಂದ. ಉದ್ಯಮದ ಅಳಿವು ಉಳಿವು ಸದಸ್ಯರ ಮತದಲ್ಲಿದ್ದುದರಿಂದ ಅವರ ಮನವೊಲಿಸುವುದೇ ಒಂದು ಕಸುಬಾಗಿ ಬೆಳೆಯಿತು. ಹೀಗೆ ಮೊಗಸಾಲೆಯನ್ನು ಮೊದಲು ಕಂಡ ವೀಡ್, 1825 ಮತ್ತು 1830ರ ಅಧಿವೇಶನಗಳಲ್ಲಿ ಸ್ವತಃ ಸದಸ್ಯನಾಗಿದ್ದನು. ಅನಂತರ ಆತ ಸಭೆಯೊಳಗಿನ ಪೀಠಕ್ಕೆ ಮರಳಲಿಲ್ಲ.

1830ರಲ್ಲಿ ಆರಂಭವಾದ ‘ಆಲ್ಬನಿ ಈವ್ನಿಂಗ್ ಜರ್ನಲ್’ ಆತನ ನಿಜವಾದ ಪೀಠವಾಯಿತು. ವಿಲಿಯಂ ಸೀವರ್ಡ್‌ನ ಆಪ್ತ ಸಲಹೆಗಾರನಾಗಿ ಆತನನ್ನು 1838ರಲ್ಲಿ ಗವರ್ನರ್ ಹುದ್ದೆಗೂ 1849ರಲ್ಲಿ ಸೆನೆಟ್‌ಗೂ ತಲುಪಿಸುವಲ್ಲಿ ವೀಡ್‌ನ ಪಾತ್ರ ನಿರ್ಣಾಯಕವಾಗಿತ್ತು. 1840ರಲ್ಲಿ ಹ್ಯಾರಿಸನ್ ಹಾಗೂ 1848ರಲ್ಲಿ ಟೇಲರ್ ಅಧ್ಯಕ್ಷರಾಗುವಲ್ಲಿಯೂ ಆತನ ಶ್ರಮವಿತ್ತು. ನೇಮಕಾತಿಗಳನ್ನು ಹಂಚುವ ಹಿಡಿತ, ಸರ್ಕಾರಿ ಮುದ್ರಣದ ಗುತ್ತಿಗೆ, ಪತ್ರಿಕೆಯ ಪ್ರಭಾವ ಇವು ಒಂದನ್ನೊಂದು ಪೋಷಿಸಿದವು.

ಈ ವ್ಯವಸ್ಥೆಯ ಬೆಲೆ ತಿಳಿದದ್ದು 1860ರಲ್ಲಿ. ಆ ವರ್ಷ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ಕುದುರೆ ಎಳೆಯುವ ರೈಲುಗಳನ್ನು ನಡೆಸುವ ಹಕ್ಕು ನೀಡುವ ಮಸೂದೆಗಳು ಸಭೆಯ ಮುಂದೆ ಬಂದವು. ಸ್ವಪಕ್ಷದ ಗವರ್ನರ್ ಎಡ್ವಿನ್ ಮಾರ್ಗನ್ ಒಪ್ಪಿಗೆ ನಿರಾಕರಿಸಿದರೂ ಸಭೆ ಅವನ್ನು ಮತ್ತೆ ಅಂಗೀಕರಿಸಿತು. ಹಕ್ಕು ಪಡೆದವರ ಹಣ ಸೀವರ್ಡ್‌ನ ಅಧ್ಯಕ್ಷೀಯ ಪ್ರಚಾರಕ್ಕೆ ಹರಿಯಲಿದೆ ಎಂಬ ಆರೋಪ ಬಲವಾಯಿತು. ಅದೇ ಮೇ ತಿಂಗಳಲ್ಲಿ ಷಿಕಾಗೋ ಸಮಾವೇಶವು ಸೀವರ್ಡ್‌ನನ್ನು ಬಿಟ್ಟು ಲಿಂಕನ್‌ನನ್ನು ಆರಿಸಿತು. ಇದಕ್ಕೆ ಹಲವು ಕಾರಣಗಳಿದ್ದವು. ಸೀವರ್ಡ್‌ನ ಗುಲಾಮಗಿರಿ ವಿರೋಧಿ ಮಾತುಗಳು ತೀವ್ರವೆಂಬ ಭಾವನೆಯಿತ್ತು. 1854ರಲ್ಲಿ ಇವರಿಬ್ಬರಿಂದ ದೂರ ಸರಿದಿದ್ದ ಹೊರೇಸ್ ಗ್ರೀಲಿಯ ವಿರೋಧವಿತ್ತು. ಆಲ್ಬನಿಯ ಅಪಕೀರ್ತಿಯೂ ಇವುಗಳ ಜೊತೆ ಸೇರಿತು. ಮಿತ್ರನನ್ನು ಮೇಲೇರಿಸಿದ ಉಪಾಯವೇ ಆತನ ದಾರಿಗೆ ಅಡ್ಡವಾಯಿತು.

ಆದರೂ ವೀಡ್‌ನ ಸಾಮರ್ಥ್ಯವನ್ನು ಲಿಂಕನ್ ಬಳಸಿಕೊಂಡನು. 1861ರ ಕೊನೆಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ಒಕ್ಕೂಟದ ಪರ ಅಭಿಪ್ರಾಯ ರೂಪಿಸಲು ಆತ ಅನಧಿಕೃತ ದೂತನಾಗಿ ತೆರಳಿದನು. 1863ರಲ್ಲಿ ಪತ್ರಿಕೆಯನ್ನು ಬಿಟ್ಟುಕೊಟ್ಟ ಬಳಿಕ ಆತನ ಪ್ರಭಾವ ಕ್ಷೀಣಿಸಿತು.

ವೀಡ್‌ನನ್ನು ಕೇವಲ ಭ್ರಷ್ಟನೆಂದು ತಳ್ಳಿಹಾಕುವುದು ಸುಲಭ. ಆದರೆ ಸನ್ನದು, ಗುತ್ತಿಗೆ ಮತ್ತು ಹಕ್ಕುಗಳನ್ನು ಒಂದೊಂದಾಗಿ ದಯಪಾಲಿಸುವ ಶಾಸನಸಭೆಯೇ ಅಂಥ ಮಧ್ಯವರ್ತಿಯನ್ನು ಸೃಷ್ಟಿಸಿತು. ಮತದಾರರಿಗೆ ಉತ್ತರದಾಯಿಯಾದ ಸದಸ್ಯನ ಅನುಭವವು ಯಾರಿಗೂ ಉತ್ತರದಾಯಿಯಲ್ಲದ ಮಧ್ಯವರ್ತಿಯ ಬಂಡವಾಳವಾದುದೇ ಆತನ ಜೀವನವು ಇತಿಹಾಸಕಾರರ ಮುಂದಿಡುವ ಮುಖ್ಯ ಸಮಸ್ಯೆ.