ತಡವಾದ ಉತ್ತರ, ತಪ್ಪು ಉತ್ತರ: ಲೇಟೆನ್ಸಿ ಮಂಕಿಯ ಸಾಕ್ಷ್ಯದ ಮರುಪರಿಶೀಲನೆ

ಕ್ಲೌಡ್ ಅಪ್ಲಿಕೇಶನ್‌ಗಳು ಎಷ್ಟು ಪೆಟ್ಟು ತಾಳಬಲ್ಲವು ಎಂದು ನೋಡಲು ವೆಬ್ ಸರ್ವರಿನ ಉತ್ತರಗಳನ್ನು ಬೇಕೆಂದೇ ಕೆಡಿಸುವ ಪರೀಕ್ಷೆಗೆ ಈಗ ಒಂದು ಸಿದ್ಧ ವಂಶಾವಳಿ ಇದೆ. 2010ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಹೆಸರಿಸಿದ, ಯಂತ್ರಗಳನ್ನು ಮನಬಂದಂತೆ ನಿಲ್ಲಿಸುವ ಕೇಯಾಸ್ ಮಂಕಿ ಅದರ ಮೂಲಪುರುಷ. 2011ರ ಜುಲೈನ ‘ಸಿಮಿಯನ್ ಆರ್ಮಿ’ ಟಿಪ್ಪಣಿಯಲ್ಲಿ ಕಾಣಿಸಿಕೊಳ್ಳುವ ಲೇಟೆನ್ಸಿ ಮಂಕಿ ಮಗ, ನೆಟ್‌ಫ್ಲಿಕ್ಸಿನದೇ ಆದ 2014ರ ಫಿಟ್ ಮೊಮ್ಮಗ, ಸೇವೆಗಳ ನಡುವಿನ ಸಂಚಾರ ನಿಭಾಯಿಸುವ 2017ರ ಇಸ್ಟಿಯೊ ಮರಿಮಗ. ಕೇಯಾಸ್ ಎಂಜಿನಿಯರಿಂಗ್ ಕುರಿತ ಜನಪ್ರಿಯ ಬರಹಗಳು ಇದನ್ನೇ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಬಂದಿವೆ. ನಾನು ಇದನ್ನು ಒಪ್ಪುವುದಿಲ್ಲ. ಇದರ ಎರಡನೆಯ ಕೊಂಡಿ ಒಂದು ಟಿಪ್ಪಣಿಯನ್ನು ಅವಸರದಲ್ಲಿ ಓದಿದ್ದರಿಂದ ಹುಟ್ಟಿದೆ. ಮೊದಲ ಕೊಂಡಿಗಿಂತ ಏಳು ವರ್ಷ ಹಳೆಯದಾದ ಕೆಲಸವೊಂದು ಇದರಲ್ಲಿ ಲೆಕ್ಕಕ್ಕೇ ಬಂದಿಲ್ಲ.

ಮೊದಲು ಸಾಕ್ಷ್ಯವನ್ನು ನೋಡೋಣ. ಯೂರಿ ಇಜ್ರೈಲೆವ್‌ಸ್ಕಿ ಮತ್ತು ಏರಿಯಲ್ ಟ್ಸೈಟ್ಲಿನ್ ಬರೆದ 2011ರ ಟಿಪ್ಪಣಿಯ ಪ್ರಕಾರ ಲೇಟೆನ್ಸಿ ಮಂಕಿ ರೆಸ್ಟ್ ಮಾದರಿಯ ಕ್ಲೈಂಟ್-ಸರ್ವರ್ ಸಂಪರ್ಕದಲ್ಲಿ ಕೃತಕ ವಿಳಂಬ ಉಂಟುಮಾಡುತ್ತದೆ ಮತ್ತು ಕರೆ ಮಾಡಿದ ಸೇವೆಗಳು ಅದಕ್ಕೆ ಸರಿಯಾಗಿ ಸ್ಪಂದಿಸುತ್ತವೆಯೇ ಎಂದು ಅಳೆಯುತ್ತದೆ. ವಿಳಂಬವನ್ನು ಬಹಳ ಹೆಚ್ಚಿಸಿದರೆ ಯಂತ್ರಗಳನ್ನು ನಿಲ್ಲಿಸದೆಯೇ ಒಂದು ನೋಡ್, ಇಲ್ಲವೇ ಇಡೀ ಸೇವೆ ಸತ್ತ ಸ್ಥಿತಿಯನ್ನು ಸೃಷ್ಟಿಸಬಹುದು. ಹೊಸ ಸೇವೆಯೊಂದನ್ನು ಪರೀಕ್ಷಿಸುವಾಗ, ಅದು ನೆಚ್ಚಿಕೊಂಡ ಸೇವೆಗಳನ್ನು ಉಳಿದವರ ಪಾಲಿಗೆ ಕೆಡಿಸದೆ ಹೀಗೆ ಮಾಡಬಹುದು ಎಂಬುದು ಲೇಟೆನ್ಸಿ ಮಂಕಿಯ ಬಗ್ಗೆ ಟಿಪ್ಪಣಿಯ ಕೊನೆಯ ಮಾತು. ವೈಫಲ್ಯ ಸೂಚಿಸುವ ಸ್ಟೇಟಸ್ ಕೋಡ್ ಕಳಿಸುವ ಮಾತಾಗಲೀ ಉತ್ತರದ ಒಳಗಿನ ದತ್ತಾಂಶ ಕೆಡಿಸುವ ಮಾತಾಗಲೀ ಅಲ್ಲಿ ಇಲ್ಲ.

ಬಹಳ ತಡವಾದ ಉತ್ತರವೂ ಕೆಟ್ಟ ಉತ್ತರವೂ ಕರೆ ಮಾಡಿದವನಿಗೆ ಒಂದೇ ತಾನೆ ಎಂದು ಪ್ರತಿವಾದಿಗಳು ಕೇಳಬಹುದು. ಒಂದೇ ಅಲ್ಲ. ಉತ್ತರ ತಡವಾದರೆ ಕರೆ ಮಾಡಿದ ಸೇವೆಯ ಥ್ರೆಡ್ ಕಾಯುತ್ತ ಕೂರುತ್ತದೆ. ಕಾಯುವ ಥ್ರೆಡ್‌ಗಳು ಕೂಡಿಕೊಂಡು ಪೂಲ್ ತುಂಬಿದಾಗ ಆ ಸೇವೆಯೇ ಕುಸಿಯುತ್ತದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಟೈಮ್‌ಔಟ್. ‘ಸೇವೆ ಲಭ್ಯವಿಲ್ಲ’ ಎನ್ನುವ ಸ್ಟೇಟಸ್ ಕೋಡ್ 503 ಬಂದರೆ ಹಾಗಲ್ಲ, ಥ್ರೆಡ್ ಆ ಕ್ಷಣವೇ ಬಿಡುಗಡೆಯಾಗುತ್ತದೆ. ಮತ್ತೆ ಪ್ರಯತ್ನಿಸಬೇಕೇ, ಎಷ್ಟು ಹೊತ್ತು ಬಿಟ್ಟು, ಎಷ್ಟು ಸಲ ಎಂಬ ಬೇರೆಯೇ ಕೋಡ್ ಓಡುತ್ತದೆ. ಅದರ ಅಪಾಯವೂ ಬೇರೆ: ಮರುಪ್ರಯತ್ನಗಳ ಮಳೆ ಸುರಿದು, ಚೇತರಿಸಿಕೊಳ್ಳುತ್ತಿದ್ದ ಸರ್ವರ್ ಮತ್ತೆ ನೆಲಕಚ್ಚಬಹುದು. ಇನ್ನು 200 ಎಂಬ ಶುಭಸೂಚನೆಯೊಂದಿಗೆ ಅರ್ಧಕ್ಕೆ ತುಂಡಾದ ಜೇಸನ್ ಬಂದರೆ ಟೈಮ್‌ಔಟೂ ಎಚ್ಚರಗೊಳ್ಳುವುದಿಲ್ಲ, ಮರುಪ್ರಯತ್ನವೂ ಶುರುವಾಗುವುದಿಲ್ಲ. ಮೂರು ಬೇರೆ ಬೇರೆ ದಾರಿಗಳನ್ನು ‘ಕೆಟ್ಟ ಉತ್ತರ’ ಎಂಬ ಒಂದೇ ಚೀಲಕ್ಕೆ ತುಂಬುವುದು ಚರಿತ್ರೆಕಾರನಿಗೆ ಅನುಕೂಲವಾದೀತು, ಸಾಕ್ಷ್ಯ ಅದಕ್ಕೆ ಒಪ್ಪುವುದಿಲ್ಲ.

ಪ್ರತಿವಾದಿಗಳ ಕೈಯಲ್ಲಿ ಇನ್ನೊಂದು ದಾಖಲೆ ಇದೆ. 2014ರ ಅಕ್ಟೋಬರಿನಲ್ಲಿ ಕೋಲ್ಟನ್ ಆಂಡ್ರಸ್, ನರೇಶ್ ಗೋಪಲಾನಿ ಮತ್ತು ಬೆನ್ ಶ್ಮಾಸ್ ಫಿಟ್ ವ್ಯವಸ್ಥೆಯನ್ನು ಪರಿಚಯಿಸುತ್ತ, ಲೇಟೆನ್ಸಿ ಮಂಕಿ ಸರ್ವರಿನ ಬದಿಯಲ್ಲಿ ವಿಳಂಬವನ್ನೋ ವೈಫಲ್ಯವನ್ನೋ ಎರಡನ್ನೂ ಒಟ್ಟಿಗೋ ಸೇರಿಸುತ್ತದೆ ಎಂದು ಬರೆದರು. ‘ವೈಫಲ್ಯ’ ಇಲ್ಲಿ ಬಂತಲ್ಲ ಎಂಬುದು ವಾದ. ಬಂತು ನಿಜ, ಮೂರು ವರ್ಷ ತಡವಾಗಿ ಬಂತು. 2014ರಲ್ಲಿದ್ದ ಉಪಕರಣದ ವಿವರಣೆಯನ್ನು 2011ಕ್ಕೆ ಹಿಂದಕ್ಕೆ ಎಳೆದು ಅಂಟಿಸುವುದು ಶಾಸನದ ಲಿಪಿ ನೋಡದೆ ಕಾಲ ನಿರ್ಣಯಿಸಿದ ಹಾಗೆ. ಅದೇ 2014ರ ಟಿಪ್ಪಣಿಯ ಮುಂದಿನ ಮಾತನ್ನು ಇವರು ಉಲ್ಲೇಖಿಸುವುದಿಲ್ಲ: ಲೇಟೆನ್ಸಿ ಮಂಕಿಯ ಏಟು ಭಾಗವಹಿಸಲು ಇಷ್ಟವಿರಲಿ ಬಿಡಲಿ ಕರೆ ಮಾಡುವ ಎಲ್ಲ ಸೇವೆಗಳಿಗೂ ಬೀಳುತ್ತದೆ, ರಕ್ಷಣೆಗಳು ಸರಿಯಿರದಿದ್ದರೆ ಗ್ರಾಹಕರೂ ನೋಯುತ್ತಾರೆ. 2011ರ ಟಿಪ್ಪಣಿ ಉಳಿದವರಿಗೆ ತೊಂದರೆಯಾಗದು ಎಂದಿತ್ತು. ಎರಡು ದಾಖಲೆಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ.

ಯಾವುದನ್ನು ನಂಬಬೇಕು? 2011ರ ಟಿಪ್ಪಣಿ ತನ್ನ ಸೈನ್ಯದಲ್ಲಿ ಕೆಲವು ಮಂಕಿಗಳು ಸಿದ್ಧವಾಗಿವೆ, ಕೆಲವು ಇನ್ನೂ ಆಸೆಯ ಹಂತದಲ್ಲಿವೆ ಎಂದು ತಾನೇ ಹೇಳಿಕೊಂಡು, ಕಟ್ಟಲು ಬನ್ನಿ ಎಂದು ಎಂಜಿನಿಯರುಗಳನ್ನು ಕರೆಯುತ್ತದೆ. ಯಾವುದು ಸಿದ್ಧ, ಯಾವುದು ಆಸೆ ಎಂದು ಬಿಡಿಸಿ ಹೇಳುವುದಿಲ್ಲ. ಅಂದರೆ ಅದು ಭಾಗಶಃ ವರದಿ, ಭಾಗಶಃ ಘೋಷಣಾಪತ್ರ, ಭಾಗಶಃ ನೇಮಕಾತಿಯ ಕರೆ. 2014ರದು ಬಳಸಿ ನೊಂದವರ ಸಾಕ್ಷ್ಯ. (ಅದೂ ಪೂರ್ತಿ ನಿಷ್ಪಕ್ಷಪಾತವಲ್ಲ. ಹೊಸ ಉಪಕರಣ ತಂದವರು ಹಳೆಯದರ ಹುಳುಕು ತೋರಿಸುವುದು ವಾಡಿಕೆ.) ಆದರೂ ಏಟಿನ ವ್ಯಾಪ್ತಿಯ ವಿಷಯದಲ್ಲಿ 2014ರ ಮಾತೇ ಭಾರ, ಏಕೆಂದರೆ ಫಿಟ್ ಹುಟ್ಟಿದ್ದೇ ಆ ವ್ಯಾಪ್ತಿಯನ್ನು ಕಿರಿದು ಮಾಡಲು. ಹೊರಗಿನಿಂದ ಬರುವ ಕೋರಿಕೆಗಳನ್ನು ಒಳಬಿಡುವ ಜ಼ೂಲ್‌ನಲ್ಲೇ ಆಯ್ದ ಕೋರಿಕೆಗೆ ವೈಫಲ್ಯದ ಗುರುತು ಅಂಟಿಸಿ, ಆ ಗುರುತು ಹೊತ್ತವನ್ನು ಮಾತ್ರ ಒಳಗಿನ ಹಂತಗಳಲ್ಲಿ ಕೆಡಿಸುವುದು ಅದರ ಕ್ರಮ. ಆದ್ದರಿಂದ ನನ್ನ ತೀರ್ಮಾನ ಇಷ್ಟು: 2011ರ ದಾಖಲೆ ವಿಳಂಬದ ಪರೀಕ್ಷೆಗೆ ಮಾತ್ರ ಸಾಕ್ಷಿ. 2014ರದು ವೈಫಲ್ಯದ ಪರೀಕ್ಷೆಗೂ ಸಾಕ್ಷಿ. ಉತ್ತರದ ಒಳಗಿನ ಮಾಹಿತಿಯನ್ನು ಸುಳ್ಳಾಗಿಸುವ ಪರೀಕ್ಷೆಗೆ ಎರಡೂ ಸಾಕ್ಷಿಯಲ್ಲ.

ಈ ಭೇದ ನನ್ನ ಕಲ್ಪನೆಯದಲ್ಲ. ಫ್ಲಾವಿಯು ಕ್ರಿಸ್ಟಿಯನ್ 1991ರಲ್ಲೇ ಸರ್ವರಿನ ವೈಫಲ್ಯಗಳನ್ನು ವಿಂಗಡಿಸಿದ್ದರು: ಉತ್ತರವನ್ನೇ ಕೊಡದಿರುವುದು, ಹೊತ್ತು ತಪ್ಪಿ ಕೊಡುವುದು, ತಪ್ಪು ಉತ್ತರ ಕೊಡುವುದು, ಪೂರ್ತಿ ಕುಸಿಯುವುದು. ಕೇಯಾಸ್ ಮಂಕಿ ಕುಸಿತವನ್ನೂ ಲೇಟೆನ್ಸಿ ಮಂಕಿ ಹೊತ್ತು ತಪ್ಪುವುದನ್ನೂ ಪರೀಕ್ಷಿಸಿದವು. 503 ಎಂಬುದು ಸರ್ವರ್ ತನ್ನ ಅಸಹಾಯಕತೆಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಬಗೆ, ಅದು ಸುಳ್ಳಲ್ಲ. ತಪ್ಪು ಉತ್ತರದ ಮನೆ ಖಾಲಿ ಉಳಿಯಿತು. ಅದು ಪುಸ್ತಕದ ಭಯವೂ ಅಲ್ಲ. 2008ರ ಜುಲೈ 20ರಂದು ಅಮೆಜಾನಿನ ಎಸ್3 ಸ್ತಬ್ಧವಾದಾಗ ಕಂಪನಿ ಕೊಟ್ಟ ಕಾರಣ ಇದೇ ಬಗೆಯದು: ಸರ್ವರ್‌ಗಳು ಪರಸ್ಪರ ಹಂಚಿಕೊಳ್ಳುವ ಕೆಲವು ಸಂದೇಶಗಳಲ್ಲಿ ಒಂದೊಂದು ಬಿಟ್ ಕೆಟ್ಟಿತ್ತು. ಸಂದೇಶ ಓದಲು ಬರುತ್ತಿತ್ತು, ಆದರೆ ಅದು ಹೇಳುತ್ತಿದ್ದ ಸ್ಥಿತಿ ಸುಳ್ಳಾಗಿತ್ತು.

ಇನ್ನು ಕಡೆಗಣಿಸಿದ ಆಕರದ ವಿಷಯ. 2003ರಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ನಿಕ್ ಲುಕರ್ ಮತ್ತು ಜೀ ಶೂ ಅಪಾಚಿ ಸೋಪ್ ಹಾಗೂ ಅಪಾಚಿ ಟಾಮ್‌ಕ್ಯಾಟ್ ಮೇಲೆ ಕಟ್ಟಿದ ಗ್ರಿಡ್ ವ್ಯವಸ್ಥೆಯ ಮಾದರಿಯೊಂದರಲ್ಲಿ ಸಂದೇಶಗಳ ಮಟ್ಟದಲ್ಲಿ ದೋಷ ತೂರಿಸಿ, ಅದರ ವರ್ತನೆಯಲ್ಲಿ ವ್ಯತ್ಯಾಸವೊಂದನ್ನು ಪತ್ತೆಹಚ್ಚಿದರು. ಮರುವರ್ಷ ಮಾಲ್ಕಮ್ ಮನ್ರೊ ಜೊತೆ ಸೇರಿ ಡಬ್ಲ್ಯುಎಸ್-ಫಿಟ್ ಉಪಕರಣವನ್ನು ಮಂಡಿಸಿದರು. ಸೋಪ್ ಪದರದಲ್ಲೇ ಸಂದೇಶವನ್ನು ಹಿಡಿದು ಅದರ ಒಳಗಿನ ಮೌಲ್ಯವನ್ನು ಬದಲಿಸಿ ಮುಂದಕ್ಕೆ ಬಿಡುವುದು ಅದರ ಬಗೆ. ಅವರಿಗೂ ಹಿರಿಯರಿದ್ದರು. ಟೌಲೂಸಿನ ಎರಿಕ್ ಮಾರ್ಸ್‌ಡೆನ್, ಜ್ಯಾನ್-ಶಾರ್ಲ್ ಫ಼ಾಬ್ರ್ ಮತ್ತು ಜ್ಯಾನ್ ಆರ್ಲಾ 2002ರಲ್ಲಿ ಕೋರ್ಬಾ ವ್ಯವಸ್ಥೆಗಳ ಮೇಲೆ ಇಂಥದೇ ಪ್ರಯೋಗ ಪ್ರಕಟಿಸಿದ್ದರು. ನೆಟ್‌ಫ್ಲಿಕ್ಸಿನ 2014ರ ಫಿಟ್‌ಗೂ ಡರ್ಹಮಿನ ಫಿಟ್‌ಗೂ ಹೆಸರಿನ ಬಾಲ ಬಿಟ್ಟರೆ ಯಾವ ನಂಟನ್ನೂ ನಾನು ಹೇಳುತ್ತಿಲ್ಲ. ಪ್ರಭಾವ ಬೇರೆ, ಆದ್ಯತೆ ಬೇರೆ. ನನ್ನ ವಾದ ಎರಡನೆಯದರ ಬಗ್ಗೆ.

ಡರ್ಹಮಿನ ಈ ಕೆಲಸ ಮರೆತುಹೋದದ್ದೇಕೆ? ಸೋಪ್ ಫ್ಯಾಷನ್ ಕಳೆದುಕೊಂಡಿತು ಎಂಬುದು ಅರ್ಧ ಉತ್ತರ. ಸೋಪ್ ಸೇವೆಗಳ ಜೊತೆ ಡಬ್ಲ್ಯುಎಸ್‌ಡಿಎಲ್ ಎಂಬ ಕರಾರುಪತ್ರ ಇರುತ್ತಿತ್ತು. ಸಂದೇಶದಲ್ಲಿ ಯಾವುದು ಬೆಲೆ, ಯಾವುದು ದಿನಾಂಕ ಎಂದು ಯಂತ್ರವೇ ಓದಿ ತಿಳಿಯಬಹುದಿತ್ತು. ರೆಸ್ಟ್ ಮತ್ತು ಜೇಸನ್‌ಗೆ ಅಂಥ ಕಡ್ಡಾಯ ಇರಲಿಲ್ಲ. ವಿಳಂಬಕ್ಕಾಗಲೀ 503ಕ್ಕಾಗಲೀ ಒಳಗಿನ ಸಂಗತಿ ಗೊತ್ತಿರಬೇಕಿಲ್ಲ, ಹೀಗಾಗಿ ಅಗ್ಗದ ದೋಷಗಳು ಉಳಿದವು. (ರೆಸ್ಟ್ ಸೇವೆಗಳಿಗೂ ಅಂಥ ಕರಾರು ಬರೆಯುವ ಓಪನ್ ಎಪಿಐ ಬಂದ ಮೇಲೂ ಇದೇ ನೆಪ ಹೇಳುವವರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಾರೆ.)

ಅಗ್ಗದ ದೋಷಗಳೇ ಉಳಿದವು ಎಂಬುದಕ್ಕೆ 2016ರ ಗ್ರೆಮ್ಲಿನ್ ಪ್ರಬಂಧದ ಮುಂದಿನ ಕತೆ ಸಾಕ್ಷಿ. ವಿಕ್ಟರ್ ಹೆಯೋರ್ಹಿಯಾದಿ, ಶ್ರೀರಾಮ್ ರಾಜಗೋಪಾಲನ್ ಮತ್ತು ಸಂಗಡಿಗರು ಮೈಕ್ರೋಸರ್ವಿಸ್‌ಗಳ ನಡುವೆ ನಿಂತ ಪ್ರಾಕ್ಸಿಗೆ ಮೂರು ಮೂಲಕ್ರಿಯೆ ಕೊಟ್ಟರು: ಕಡಿದುಹಾಕು, ತಡಮಾಡು, ಬದಲಿಸು. (ಆಂಡ್ರಸ್ ಸಹಸ್ಥಾಪಕರಾದ ಗ್ರೆಮ್ಲಿನ್ ಕಂಪನಿ ಬೇರೆ. ಇವೆರಡನ್ನು ಒಂದೇ ಎಂದು ಬರೆಯುವವರು ಪ್ರಬಂಧವನ್ನು ತೆರೆದೇ ನೋಡಿಲ್ಲ.) ರಾಜಗೋಪಾಲನ್ ಆಮೇಲೆ ಕೆಲಸ ಮಾಡಿದ ಇಸ್ಟಿಯೊವನ್ನು 2017ರ ಮೇಯಲ್ಲಿ ಗೂಗಲ್, ಐಬಿಎಂ, ಲಿಫ್ಟ್ ಕಂಪನಿಗಳು ಪ್ರಕಟಿಸಿದವು. ಅದರ ಫಾಲ್ಟ್ ಇಂಜೆಕ್ಷನ್‌ನಲ್ಲಿ ಇರುವುದು ತಡಮಾಡುವುದು ಮತ್ತು ಕಡಿದುಹಾಕುವುದು ಮಾತ್ರ. ಮೂರನೆಯದು ದಾರಿಯಲ್ಲೇ ಉದುರಿತು.

ಉಳಿದ ಎರಡು ಕ್ರಿಯೆಗಳು ಕೆಲಸಕ್ಕೆ ಬಾರವು ಎಂದು ನಾನು ಹೇಳುತ್ತಿಲ್ಲ. ಇಸ್ಟಿಯೊದ ಬುಕ್‌ಇನ್ಫೊ ಉದಾಹರಣೆಯಲ್ಲಿ ಏಳು ಸೆಕೆಂಡಿನ ವಿಳಂಬ ಹಾಕಿದ ಕೂಡಲೇ ಬಚ್ಚಿಟ್ಟುಕೊಂಡಿದ್ದ ಹುಳುಕು ಹೊರಬೀಳುತ್ತದೆ. ವಿಮರ್ಶೆಗಳ ಸೇವೆ ಹತ್ತು ಸೆಕೆಂಡು ಕಾಯಲು ಸಿದ್ಧ, ಆದರೆ ಅದನ್ನು ಕರೆಯುವ ಪುಟ ಮರುಪ್ರಯತ್ನವೂ ಸೇರಿ ಆರೇ ಸೆಕೆಂಡಿಗೆ ಕೈಬಿಡುತ್ತದೆ. ಟೊರಾಂಟೊದ ಡಿಂಗ್ ಯುವಾನ್ ತಂಡ 2014ರಲ್ಲಿ ಐದು ವಿತರಿತ ವ್ಯವಸ್ಥೆಗಳ 198 ವೈಫಲ್ಯಗಳನ್ನು ಪರಿಶೀಲಿಸಿ, ಅವುಗಳಲ್ಲಿ ಮಹಾ ಅನಾಹುತವಾದವುಗಳ ಪೈಕಿ ಶೇ. 92ರಷ್ಟು ಸ್ಪಷ್ಟವಾಗಿ ಸೂಚಿತವಾದ ದೋಷಗಳನ್ನು ಸರಿಯಾಗಿ ನಿಭಾಯಿಸದ್ದರಿಂದ ಆದವು ಎಂದು ಕಂಡಿತು. 503 ಕಳಿಸುವ ಪರೀಕ್ಷೆಗೆ ಇದಕ್ಕಿಂತ ಗಟ್ಟಿ ಸಮರ್ಥನೆ ಬೇಕಿಲ್ಲ. ಆದರೆ ಆ ಐದೂ ದತ್ತಾಂಶ ಕೂಡಿಡುವ, ಸಂಸ್ಕರಿಸುವ ವ್ಯವಸ್ಥೆಗಳು. ಹತ್ತಾರು ಸೇವೆಗಳ ಉತ್ತರಗಳನ್ನು ಹೊಲಿದು ಪುಟ ಕಟ್ಟುವ ಅಪ್ಲಿಕೇಶನ್‌ಗಳಿಗೆ ಅದೇ ಪ್ರಮಾಣ ಅನ್ವಯಿಸುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಇಸ್ಟಿಯೊ ನಂತರ ಬಂದ ಕೇಯಾಸ್ ಮೆಶ್ ಎಂಬ ದೋಷ ತೂರಿಸುವ ಉಪಕರಣದ ಎಚ್‌ಟಿಟಿಪಿ ವಿಭಾಗದಲ್ಲಿ ಉತ್ತರದ ಒಡಲನ್ನೇ ಬದಲಿಸುವ ಸೌಲಭ್ಯ ಮರಳಿದೆ. ಅದನ್ನು ಹೊಸ ಮುನ್ನಡೆ ಎಂದು ದಾಖಲಿಸುವವರು ಡರ್ಹಮಿನ 2003ರ ಪ್ರಯೋಗವನ್ನು ಪಕ್ಕದಲ್ಲಿಟ್ಟು ನೋಡಬೇಕು. ಈ ಚರಿತ್ರೆ ಕುಸಿತದಿಂದ ವಿಳಂಬಕ್ಕೆ, ವಿಳಂಬದಿಂದ ತಪ್ಪು ಉತ್ತರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದಲ್ಲ. ತಪ್ಪು ಉತ್ತರದ ಪರೀಕ್ಷೆ ಕ್ಲೌಡಿಗಿಂತ ಮುಂಚೆ ಗ್ರಿಡ್ ಸಂಶೋಧಕರ ಕೈಯಲ್ಲಿತ್ತು, ಉದ್ಯಮ ಅದನ್ನು ಕೈಬಿಟ್ಟಿತು, ಬಹಳ ತಡವಾಗಿ ಮತ್ತೆ ಎತ್ತಿಕೊಂಡಿತು. ಇದನ್ನು ಒಪ್ಪಿದರೆ ಇಂದಿನ ಪರೀಕ್ಷಾ ವರದಿಗಳನ್ನು ಓದುವ ರೀತಿಯೂ ಬದಲಾಗಬೇಕು. ವಿಳಂಬ ಮತ್ತು 503 ಎರಡನ್ನೇ ತೂರಿಸಿ ‘ಕೆಟ್ಟ ಉತ್ತರಗಳನ್ನು ತಾಳುತ್ತದೆ’ ಎಂದು ಸಹಿ ಹಾಕಿದ ವರದಿ, ಕ್ರಿಸ್ಟಿಯನ್ನರ ಪಟ್ಟಿಯ ಒಂದು ಇಡೀ ವರ್ಗವನ್ನು ಮುಟ್ಟದೆಯೇ ಮುಗಿದ ವರದಿ.